ಬಲಗಡೆಯ ಸೀಟು

ಅಂಬಡ್, ನಾಸಿಕ
ಸಂಕ್ರಾಂತಿಗೆ ಇನ್ನೊಂದು ವಾರ

ಸಿಟ್ಟಿನ ಅಣ್ಣನಿಗೆ ತಂಗಿ ಊರ್ಮಿಳೆಯ ನಮಸ್ಕಾರ.

ಫೋನು ಎತ್ತುವುದಿಲ್ಲ ನೀನು. ಮೆಸೇಜು ಕಳಿಸಿದರೆ ಎರಡು ನೀಲಿ ಗೆರೆ ಬಂದು ಕೂಡುತ್ತವೆ, ಉತ್ತರ ಬರುವುದಿಲ್ಲ. ನಿನ್ನ ಮಗಳು ರುಚಿತಾಳ ಫೋನಿಗೆ ಮಾಡಿದರೆ ಪಾಪ ಅವಳು, "ಆತ್ಯಾ, ಬಾಬಾ ಸ್ನಾನಕ್ಕ ಹೋಗ್ಯಾರ" ಅನ್ನುತ್ತಾಳೆ. ದಿನಕ್ಕೆ ಎಷ್ಟು ಸಲ ಸ್ನಾನ ಮಾಡುತ್ತೀಯೋ ಮಹಾರಾಯಾ? ಮೈಯ ಚರ್ಮ ಉಳಿದದೇನು? ಅದಕ್ಕೇ ಈ ಪತ್ರ. ದಪ್ಪ ಕಪ್ಪು ಸ್ಕೆಚ್ ಪೆನ್ನಿನಿಂದ, ಬ್ಯಾಂಕಿನ ನೋಟಿಸ್ ಬೋರ್ಡಿಗೆ ಬರೆದ ಹಾಗೆ ದೊಡ್ಡ ಅಕ್ಷರದಲ್ಲಿ ಬರೆಯುತ್ತಿದ್ದೇನೆ. ಹಾಳೆ ಹಾಳು ಮಾಡಿದಳು ಅಂತ ಬೈಯಬೇಡ. ಹಗಲು ಬೆಳಕಿನಲ್ಲಿ ಕಿಟಕಿ ಹತ್ತಿರ ಕೂತು, ಬಲಗಣ್ಣಿಗೆ ಹಿಡಿದು, ಸಾವಕಾಶ ಓದು. ಕನ್ನಡದಲ್ಲಿ ಬರೆದದ್ದಕ್ಕೆ ಇನ್ನೊಂದು ಕಾರಣವೂ ಇದೆ. ನಿನ್ನ ಮಗಳಿಗೆ ಕನ್ನಡ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಅಳಿಯನಿಗೆ ಎರಡೂ ಬರದು. "ಓದಿ ಹೇಳವಾ" ಅಂತ ಯಾರ ಕೈಗೂ ಕೊಟ್ಟು ನೀನು ಆರಾಮ ಕುರ್ಚಿಯಲ್ಲಿ ಒರಗುವ ಹಾಗಿಲ್ಲ. ನೀನೇ ಓದಬೇಕು.

ಕೇಳಬೇಕಾದ್ದು ಒಂದೇ ಮಾತು, ಮೊದಲೇ ಕೇಳಿಬಿಡುತ್ತೇನೆ. ಕಣ್ಣಿನ ಡಾಕ್ಟರು ಏನು ಹೇಳಿದ್ದಾರೆ ಅಂತ ನನಗೆ ಗೊತ್ತು, ರುಚಿತಾ ಎಲ್ಲ ಹೇಳಿದ್ದಾಳೆ. ಎಡಗಣ್ಣಿನ ದೃಷ್ಟಿ ಹೋಗಿದೆ, ಅದು ಬರುವುದಿಲ್ಲ. ಬಲಗಣ್ಣಿನಲ್ಲಿ ಉಳಿದದ್ದು ಇನ್ನೆಷ್ಟು ದಿನ ಅಂತ ಅವರೂ ಹೇಳಲಾರರು. ಅದು ಇರುವಾಗಲೇ ಒಂದು ಸಲ ನನ್ನ ಜೊತೆ ವಿಮಾನದಲ್ಲಿ ಬಾ. ಪಕ್ಕದ ಸೀಟಿನಲ್ಲಿ ಕೂತು ಬಾ. ಅಷ್ಟೇ. ಈಗಲೇ "ಇಲ್ಲ" ಅನ್ನಬೇಡ, ಪೂರಾ ಓದಿ ಆಮೇಲೆ ಅನ್ನು.

ಅಕ್ಟೋಬರಿನಲ್ಲಿ ನಿಮ್ಮ ಸಂಭಾಜಿನಗರದ ಚಿಕಲಠಾಣಾ ವಿಮಾನ ನಿಲ್ದಾಣದಲ್ಲಿ ನಾನು ಹಾರಿಸಿಕೊಂಡು ಬಂದ ವಿಮಾನ ಓಟದ ದಾರಿ ಬಿಟ್ಟು ಹುಲ್ಲಿಗೆ ಹೋದದ್ದು ನಿನಗೆ ಗೊತ್ತು. ಆವತ್ತು ನಡೆದ ಒಂದು ಸಂಗತಿ ಮಾತ್ರ ಗೊತ್ತಿಲ್ಲ. ಅದನ್ನು ನಾನು ರುಚಿತಾಳಿಗೂ ಹೇಳಿಲ್ಲ. ಹೇಳಿದರೆ ನಗುತ್ತಾಳೋ ಅಳುತ್ತಾಳೋ ಗೊತ್ತಾಗಲಿಲ್ಲ, ಎರಡೂ ನನಗೆ ಬೇಡವಾಗಿತ್ತು.

ಈ ಹುಚ್ಚು ಹಚ್ಚಿದವನು ನೀನೇ ಅಲ್ಲವೇನೋ. ನಾನು ಜಮಖಂಡಿ ಶಾಖೆಯಿಂದ ಟ್ರಾನ್ಸ್‌ಫರ್ ಆಗಿ ನಾಸಿಕಕ್ಕೆ ಬಂದಾಗ ನೀನು ಓಝರಿನ ವಿಮಾನ ಕಾರ್ಖಾನೆಯಲ್ಲಿ ಇಂಜಿನಿಯರು. ವಾರವೆಲ್ಲ ದೊಡ್ಡ ದೊಡ್ಡ ವಿಮಾನಗಳ ಹೊಟ್ಟೆಯಲ್ಲಿ ಕೈ ಹಾಕಿ, ರವಿವಾರ ಬಂದರೆ ಕ್ಲಬ್ಬಿನ ಎರಡು ಸೀಟಿನ ಪುಟ್ಟ ಸೆಸ್ನಾ ಹಾರಿಸಲು ಓಡುತ್ತಿದ್ದಿ. "ಮಿಠಾಯಿ ಅಂಗಡ್ಯಾವ ರಜಾ ದಿನಾನೂ ಮಿಠಾಯಿನೇ ತಿಂತಾನ ನೋಡ್ರಿ" ಅಂತ ನಿನ್ನ ಮನೆಯಾಕಿ, ನಮ್ಮ ಸುಗುಣಾ ವೈನಿ, ನಗುತ್ತಿದ್ದರು. ಮದುವೆಯಾಗದ ತಂಗಿ, ರವಿವಾರ ಅಣ್ಣನ ಮನೆ ಊಟಕ್ಕೆ ಬಂದವಳು, ಸುಮ್ಮನೆ ಕೂತು ಬೇಸರ ಮಾಡಿಕೊಂಡಾಳು ಅಂತ ಒಂದು ದಿನ ನನ್ನನ್ನೂ ಎಳೆದುಕೊಂಡು ಹೋದಿ. ಚಕ್ರ ನೆಲ ಬಿಟ್ಟ ಕೂಡಲೇ ನಾನು ನಿನ್ನ ಅಂಗಿಯ ತೋಳು ಹಿಡಿದುಕೊಂಡೆ. "ತೋಳ ಬಿಡ ಖೋಡಿ, ಇಲ್ಲಾಂದ್ರ ಇಬ್ಬರೂ ಹೋಗ್ತೀವಿ" ಅಂದಿ. ಆಮೇಲೆ ನೀನು ಕಲಿಸಿದ ಮೊದಲ ಪಾಠ: "ನಿನ್ನ ಕಡೆ ನೀ ನೋಡು, ನನ್ನ ಕಡೆ ನಾ ನೋಡ್ತೀನಿ. ಇಷ್ಟ ಮಾಡಿದ್ರ ಸಾಕು, ಉಳಿದದ್ದು ಮಶೀನ್ ಮಾಡ್ತದ." ಪಿಂಪಳಗಾಂವ್ ಬಸವಂತ್ ಮಾರ್ಕೆಟ್ಟಿನ ಮೇಲೆ ಹದ್ದುಗಳು ಸುತ್ತುತ್ತಿದ್ದವು. ಬಲಗಡೆಯದ್ದೆಲ್ಲ ನಾನು ಎಣಿಸಿ ಹೇಳಿದೆ, ಎಡಗಡೆಯದ್ದು ನೀನು. ನಲವತ್ತು ಹತ್ತಿರ ಬಂದ ಬ್ಯಾಂಕಿನ ಹೆಂಗಸು ಸಣ್ಣ ಹುಡುಗಿಯ ಹಾಗೆ ಹದ್ದು ಎಣಿಸಿದ್ದೇ ಎಣಿಸಿದ್ದು. ಇಳಿದ ಮೇಲೆ ನಾನೂ ಕಲಿಯುತ್ತೇನೆ ಅಂದೆ.

ಕಲಿತೆ. ಲೈಸೆನ್ಸ್ ಬಂತು. ಅವತ್ತಿನಿಂದ ನಮ್ಮದೊಂದು ಪದ್ಧತಿ ಆಯಿತು, ಹೋಗುವಾಗ ಹಾರಿಸುವವಳು ನಾನು, ಬರುವಾಗ ನೀನು. ಎಡಗಡೆ ಕೂತವರು ಹಾರಿಸಬೇಕು, ಬಲಗಡೆ ಕೂತವರು ತಪಾಸಣೆಯ ಪಟ್ಟಿ ಓದಬೇಕು. "ಪೆಟ್ರೋಲ್ ವಾಲ್ವ್?" "ತೆರೆದಿದೆ." "ಬಾಗಿಲು?" "ಹಾಕಿದೆ." ನೀನು ಪ್ರಶ್ನೆ ಕೇಳುವ ಧಾಟಿ ಹೆಡ್‌ಮಾಸ್ತರರ ಧಾಟಿ. ನಾನು ಬೇಕಂತಲೇ ತಡಮಾಡಿ ಉತ್ತರ ಕೊಟ್ಟರೆ ಬೆರಳಿನಿಂದ ನನ್ನ ಹೆಡ್‌ಫೋನಿನ ಮೇಲೆ ಟಕ್ ಅಂತ ಹೊಡೆಯುತ್ತಿದ್ದಿ. ಆಕಾಶಕ್ಕೆ ಹೋದ ಮೇಲೆ ನಮ್ಮ ಜಗಳ ಸುರು. ಅವಲಕ್ಕಿಗೆ ಉಪ್ಪು ಕಮ್ಮಿ ಅನ್ನುವುದರಿಂದ ಹಿಡಿದು ಅವ್ವ ರಾಧಾಬಾಯಿ ಯಾರನ್ನು ಜಾಸ್ತಿ ಪ್ರೀತಿಸುತ್ತಿದ್ದಳು ಅನ್ನುವ ತನಕ. ಆ ಕೊನೆಯ ವಿಷಯ ಇನ್ನೂ ಇತ್ಯರ್ಥ ಆಗಿಲ್ಲ, ನೆನಪಿರಲಿ.

ಬ್ಯಾಂಕಿನಲ್ಲಿ ಜನ ಈಗಲೂ ನನ್ನನ್ನು ಅವೇ ಪ್ರಶ್ನೆ ಕೇಳುತ್ತಾರೆ. ಮ್ಯಾಡಮ್, ಹಾರ್ನ್ ಇರತದೇನು? ಲೀಟರಿಗೆ ಎಷ್ಟು ಹೋಗತದ? ನಡುವೆ ಇಂಜಿನ್ ಬಂದ್ ಆದರ ಕಲ್ಲಿನ ಹಂಗ ಬೀಳತದೇನು? ಇದಕ್ಕೆಲ್ಲ ನನ್ನ ಹತ್ತಿರ ತಯಾರು ಉತ್ತರ ಇವೆ. ಹೊಸದಾಗಿ ಬಂದ ಕ್ಯಾಶಿಯರ್ ಒಬ್ಬ ಮೊನ್ನೆ ಕೇಳಿದ, "ಮೇಲೆ ಹೋಗಿ ಏನ್ ಮಾಡ್ತೀರಿ ಮ್ಯಾಡಮ್?" ಮೊದಲಾಗಿದ್ದರೆ "ಅಣ್ಣನ ಜೊತೆ ಜಗಳಾಡ್ತೀನಿ" ಅನ್ನುತ್ತಿದ್ದೆ. ಆವತ್ತು ಚಹಾ ಆರುತ್ತದೆ ಅಂತ ಒಳಗೆ ಹೋದೆ.

ಏನು ಮಾಡುತ್ತೇನೆ ಹೇಳಲಾ? ಒಬ್ಬಳೇ ಪ್ರಶ್ನೆ ಕೇಳಿಕೊಂಡು ಒಬ್ಬಳೇ ಉತ್ತರ ಕೊಟ್ಟುಕೊಳ್ಳುತ್ತೇನೆ. "ಪೆಟ್ರೋಲ್ ವಾಲ್ವ್?" ಅಂತ ನಿನ್ನ ದಪ್ಪ ದನಿಯಲ್ಲಿ, "ತೆರೆದಿದೆ" ಅಂತ ನನ್ನ ದನಿಯಲ್ಲಿ. ಬಲಗಡೆ ಕೊಕ್ಕೆಗೆ ನಿನ್ನ ಹಳೆಯ ಹೆಡ್‌ಫೋನು ನೇತುಹಾಕುತ್ತೇನೆ, ಕಿವಿಯ ಸ್ಪಂಜು ಹರಿದದ್ದು ಹಾಗೇ ಇದೆ. ಮೆಕ್ಯಾನಿಕ್ ಮಹಿಬೂಬ, ನಿನ್ನ ಕೈಕೆಳಗೆ ಪಳಗಿದ ನಮ್ಮ ವಿಜಯಪುರದವನು, ಮೊದಮೊದಲು ಪ್ರತಿ ಸಲ "ಅಕ್ಕಾರ, ಸಾಹೇಬ್ರು ಬರಲಿಲ್ರೀ?" ಅಂತ ಕೇಳುತ್ತಿದ್ದ. ಈಗ ಕೇಳುವುದನ್ನು ಬಿಟ್ಟಿದ್ದಾನೆ. ಅವನು ಕೇಳುತ್ತಿದ್ದಾಗಲೇ ಚಲೋ ಇತ್ತು. ಅಂಬಡ್‌ನ ಮನೆಗೆ ಬಂದು ಕೀಲಿ ತೆಗೆದರೆ ಬೆಳಿಗ್ಗೆ ಬಿಟ್ಟುಹೋದ ಚಹಾದ ಕಪ್ಪು ಬಿಟ್ಟಲ್ಲೇ ಇರುತ್ತದೆ. ಕಾರ್ಖಾನೆ ಶಿಫ್ಟಿನ ಹುಡುಗರು ಕೆಳಗೆ ಮರಾಠಿ, ಹಿಂದಿಯಲ್ಲಿ ಗಲಾಟೆ ಮಾಡುತ್ತಾರೆ. ಎಷ್ಟೋ ರವಿವಾರ ಇಡೀ ದಿನ ನಾನು ಕನ್ನಡದಲ್ಲಿ ಆಡಿದ ಮಾತು ಅಂದರೆ ವಿಮಾನದಲ್ಲಿ ನನಗೆ ನಾನೇ ಆಡಿದ್ದು ಮಾತ್ರ. ನನಗೆ ಭಾಳ ಒಂಟಿ ಅನಿಸುತ್ತದೆ ಅಣ್ಣಾ. ಇದನ್ನು ಫೋನಿನಲ್ಲಿ ಹೇಳಲು ಬರುತ್ತಿರಲಿಲ್ಲ, ನೀನು ಎತ್ತಿದ್ದರೂ.

ನಿನ್ನ ಕಣ್ಣಿನದು ಮೊದಲು ಗೊತ್ತಾದದ್ದು ನಮಗಿಬ್ಬರಿಗೇ. ನೀನು ಎಡಗಡೆ ಕೂತು ಹಾರಿಸುತ್ತಿದ್ದಿ, ನಿಫಾಡದ ಮೇಲೆ ಹದ್ದು ನಿನ್ನ ಕಿಟಕಿಯ ಕಡೆಯಿಂದಲೇ ಬಂತು. ನಿನ್ನ ಕಡೆಯದು, ನೀನೇ ನೋಡಬೇಕಾಗಿದ್ದು. ನಾನು ಕಿರುಚಿದೆ, ನೀನು ತಿರುಗಿಸಿದಿ, ಅದು ರೆಕ್ಕೆಯ ಕೆಳಗೆ ಹಾದು ಹೋಯಿತು. ಮರುವಾರ ನೀನಾಗೇ ಮೆಡಿಕಲ್ ಪರೀಕ್ಷೆಗೆ ಹೋದಿ. ಡಬ್ಬಿಯೊಳಗೆ ಮುಖ ಇಟ್ಟು, ಬೆಳಕಿನ ಚುಕ್ಕಿ ಕಂಡಾಗಲೆಲ್ಲ ಗುಂಡಿ ಒತ್ತಬೇಕಲ್ಲ, ಅಲ್ಲಿ ಕೂತವನು ಎದ್ದು ಬಂದು, "ಆ ಮಶೀನೇ ಸುದ್ದ ಇಲ್ಲ" ಅಂದಿ. ನಾನು ಹೂಂ ಅಂದೆ. ಲೈಸೆನ್ಸ್ ಹೋಯಿತು. ಅದಕ್ಕೂ ಮೊದಲೇ ವೈನಿ ತೀರಿಹೋಗಿದ್ದರು. ಮನೆ ಖಾಲಿ ಮಾಡಿ, ಸಂಭಾಜಿನಗರದ ಸಿಡ್ಕೋ ಬಡಾವಣೆಯಲ್ಲಿ ಮಗಳ ಮನೆ ಸೇರಿದಿ. ಹೋಗುವಾಗ ಹೆಡ್‌ಫೋನು ನನ್ನ ಕೈಯಲ್ಲಿಟ್ಟು "ಯಾರಿಗರ ಕೊಡು" ಅಂದಿ.

ಹಾರಿಸುವುದಕ್ಕೆ ತಾನೇ ಮೆಡಿಕಲ್ ಬೇಕು, ಪಕ್ಕದಲ್ಲಿ ಕೂಡಲು ಏನೂ ಬೇಡ, ಬಾ ಅಂದೆ. ಆಗ ನೀನು ಅಂದ ಮಾತು: "ಸಾಮಾನಿನ ಹಂಗ ಕೂತು ಬರೂದಿಲ್ಲ ನಾ." ಸಾಮಾನು! ಇಷ್ಟು ವರ್ಷ ಬರುವಾಗ ಬಲಗಡೆ ನಾನು ಕೂಡುತ್ತಿದ್ದೆನಲ್ಲ, ನಾನೇನು ಬಟಾಟೆ ಚೀಲವೇನೋ? ಆವತ್ತು ಹೇಳಬೇಕಾಗಿದ್ದದ್ದು ಇವತ್ತು ಬರೆಯುತ್ತಿದ್ದೇನೆ, ಓದಿಕೋ.

ಅದಾದ ಮೇಲೆ ನಾನೇ ಹಟ ಹಿಡಿದೆ. ನೀನು ಬರದಿದ್ದರೆ ನಾನೇ ನಿನ್ನ ತಲೆಯ ಮೇಲೆ ಬರುತ್ತೇನೆ ಅಂತ. ಮೊದಲು ಅಂಬಡ್ ಮೇಲೆ ನೀನು ಹಾಯುವಾಗ ರೆಕ್ಕೆ ಅಲ್ಲಾಡಿಸುತ್ತಿದ್ದಿ, ನಾನು ಮನೆಯ ಗಚ್ಚಿ ಹತ್ತಿ ನಿಂತು ಹಳದಿ ಟವೆಲ್ ಬೀಸುತ್ತಿದ್ದೆ. ಈಗ ಅದನ್ನೇ ನಾನು ಮಾಡುತ್ತೇನೆ. ಓಝರಿನಿಂದ ಎದ್ದು, ಯೇವಲಾ, ವೈಜಾಪುರ ದಾಟಿ, ಸೀರೆಯ ಅಂಚಿನ ಹಾಗೆ ನೆಟ್ಟಗೆ ಬಿದ್ದಿರುವ ಆ ಹೊಸ ಹೆದ್ದಾರಿ ಹಿಡಿದು ಬಂದರೆ ನಿಮ್ಮೂರು. ಇಳಿಯುವ ದಾರಿ ನಿಮ್ಮ ಸಿಡ್ಕೋ ಮೇಲೆಯೇ ಹಾಯುತ್ತದೆ. ಎರಡು ನೀರಿನ ಟಾಕಿ, ಒಂದು ಕರಿ, ಒಂದು ಬಿಳಿ, ಅದೇ ನಿನ್ನ ಮನೆ. ರೆಕ್ಕೆ ಅಲ್ಲಾಡಿಸುತ್ತೇನೆ. ಗಚ್ಚಿಯ ಮೇಲೆ ಒಣಹಾಕಿದ ಅರಿವೆ ಇರುತ್ತವೆ, ನೀನು ಇರುವುದಿಲ್ಲ. ಇಳಿದು, ಎಣ್ಣೆ ಹಾಕಿಸಿ, ಕ್ಯಾಂಟೀನಿನಲ್ಲಿ ಒಂದು ಚಹಾ ಕುಡಿದು ವಾಪಸ್ ಹೋಗುತ್ತೇನೆ. "ಸದ್ದು ಕೇಳಿದ ಕೂಡಲೇ ಬಾಬಾ ಟಿ.ವಿ. ಆವಾಜ್ ಜಾಸ್ತಿ ಮಾಡ್ತಾರ ಆತ್ಯಾ" ಅಂದಳು ರುಚಿತಾ. ಆದರೂ ಬರುತ್ತಿದ್ದೆ. ನನ್ನ ಹಟ ನಿನಗೆ ಗೊತ್ತಲ್ಲ.

ಈಗ ಅಕ್ಟೋಬರಿನ ಸಂಗತಿಗೆ ಬರುತ್ತೇನೆ. ಆವತ್ತು ನಿನ್ನ ಹುಟ್ಟುಹಬ್ಬ. ಕಡಲಿಬೇಳೆ ಹೋಳಿಗೆ ಮಾಡಿ, ಡಬ್ಬಿಗೆ ತುಂಬಿ, ಬಟ್ಟೆ ಚೀಲದಲ್ಲಿಟ್ಟು, ನಿನ್ನ ಸೀಟಿನ ಮೇಲೆ ಕೂಡಿಸಿ ಬೆಲ್ಟ್ ಸಿಗಿಸಿದೆ. ಕೊಟ್ಟೇ ಬರುತ್ತೇನೆ, ಬಾಗಿಲು ತೆಗೆಯದಿದ್ದರೆ ಹೊಸ್ತಿಲ ಮೇಲಿಟ್ಟು ಬರುತ್ತೇನೆ ಅಂತ ನಿಶ್ಚಯ ಮಾಡಿದ್ದೆ. ಇಂಜಿನ್ ಚಾಲು ಮಾಡಿ, ನಿನ್ನ ದನಿಯಲ್ಲಿ ಪಟ್ಟಿ ಓದಿ, ನನ್ನ ದನಿಯಲ್ಲಿ ಉತ್ತರ ಕೊಟ್ಟೆ. ಆಗ ನಿಲ್ದಾಣದ ಟವರಿನವರು ರೇಡಿಯೊದಲ್ಲಿ ಯಾವಾಗಲೂ ಕೇಳುವುದನ್ನು ಕೇಳಿದರು. ವಿಮಾನದಲ್ಲಿ ಎಷ್ಟು ಮಂದಿ, ಎಷ್ಟು ಹೊತ್ತಿಗೆ ಸಾಲುವ ಎಣ್ಣೆ ಇದೆ?

"ಇಬ್ಬರು" ಅಂದೆ.

ಬಾಯಿ ತಾನೇ ಅಂದದ್ದು. ಎಷ್ಟು ವರ್ಷ ಇಬ್ಬರು, ಇಬ್ಬರು ಅಂದ ಬಾಯಿ. ನೀನು ಹೋದ ಮೇಲೆ ಪ್ರತಿ ಸಲ ನೆನಪು ಮಾಡಿಕೊಂಡು "ಒಬ್ಬರು" ಅನ್ನುತ್ತಿದ್ದೆ. ಆವತ್ತು ಪಕ್ಕದಲ್ಲಿ ಚೀಲ ಕೂತಿತ್ತು, ಕಿವಿಯಲ್ಲಿ ನಿನ್ನ ದನಿ ಇತ್ತು, ತಪ್ಪಿತು. ನಿಫಾಡ ದಾಟಿದ ಮೇಲೆ ಹೊಳೆಯಿತು. ಅಯ್ಯ ನನ್ನ ಶಿವನೆ, ಇಬ್ಬರು ಅಂದೆನಲ್ಲ! ರೇಡಿಯೊದಲ್ಲಿ ತಿದ್ದಿ ಹೇಳಲು ಅರ್ಧ ನಿಮಿಷ ಸಾಕಾಗಿತ್ತು. ಗುಂಡಿಯ ಮೇಲೆ ಹೆಬ್ಬೆರಳು ಇಟ್ಟೆ, ಒತ್ತಲಿಲ್ಲ. ಯಾಕೆ ಅಂತ ನಿನಗಷ್ಟೇ ಹೇಳುತ್ತೇನೆ. ಯಾವುದೋ ಊರಿನ ಯಾರೋ ಒಬ್ಬರು ಒಂದು ಹಾಳೆಯ ಮೇಲೆ ನಾವು ಇಬ್ಬರು ಅಂತ ಬರೆದುಕೊಂಡಿದ್ದಾರೆ ಅನ್ನುವುದು ನನಗೆ ಹಿತವಾಯಿತು. ಒಂದು ತಾಸು ಹಾಗೇ ಇರಲಿ, ಯಾರ ಗಂಟೇನು ಹೋಗುತ್ತದೆ ಅಂದುಕೊಂಡೆ.

ವೈಜಾಪುರ ದಾಟಿ ಕೆಳಗಿಳಿಯಲು ಸುರು ಮಾಡಿದಾಗ ಇಂಜಿನ್ ಕೆಮ್ಮಿತು. ಒಮ್ಮೆ, ಇನ್ನೊಮ್ಮೆ, ಆಮೇಲೆ ಇಡೀ ವಿಮಾನ ನಡುಗತೊಡಗಿತು. ಹೆದರಿದೆನಾ? ಹೆದರಿದೆ. ಕೈ ಮಾತ್ರ ನೀನು ಕಲಿಸಿದ ಹಾಗೆ ಒಂದೊಂದೇ ಮುಟ್ಟುತ್ತಾ ಹೋಯಿತು. ಕಿಡಿ ಕೊಡುವ ಎರಡು ಮ್ಯಾಗ್ನೆಟೊದಲ್ಲಿ ಎಡಗಡೆಯದು ಕೈಕೊಟ್ಟಿತ್ತು. ಕೀಲಿ ಬಲಗಡೆಯದಕ್ಕೆ ತಿರುಗಿಸಿದೆ, ನಡುಕ ನಿಂತಿತು, ಶಕ್ತಿ ಮಾತ್ರ ಕಮ್ಮಿ. ಟವರಿಗೆ ಹೇಳಿದೆ, ಅವರು ಉಳಿದವರನ್ನೆಲ್ಲ ದೂರ ನಿಲ್ಲಿಸಿ ನನಗೆ ದಾರಿ ಬಿಟ್ಟರು. ನಿಮ್ಮ ಮನೆಯ ಮೇಲೆ ಹಾದೆ. ಆವತ್ತೊಂದೇ ದಿನ ನಾನು ನಿನ್ನ ಗಚ್ಚಿ ನೋಡಲಿಲ್ಲ, ರೆಕ್ಕೆ ಅಲ್ಲಾಡಿಸಲಿಲ್ಲ. ನೆಲ ಮುಟ್ಟುವ ಆತುರಕ್ಕೆ ಜೋರಾಗಿ ಬಂದೆ, ಜೋರಾಗೇ ಕೂತೆ, ಟಾಯರ್ ಒಡೆಯಿತು, ವಿಮಾನ ಎಳೆದುಕೊಂಡು ಹೋಗಿ ಹುಲ್ಲಿನಲ್ಲಿ ಮೂಗು ಊರಿ ನಿಂತಿತು. ಹಣೆ ಕಿಟಕಿಗೆ ಬಡಿದದ್ದಷ್ಟೇ ನನಗೆ ಆದದ್ದು.

ಬೆಂಕಿ ಆರಿಸುವವರ ಗಾಡಿ ಬಂತು. ನನ್ನನ್ನು ಎತ್ತಿ ಹೊರಗೆ ತಂದು ಹುಲ್ಲಿನ ಮೇಲೆ ಕೂಡಿಸಿದರು. ಹೊಡೆತಕ್ಕೆ ಬಲಗಡೆಯ ಬಾಗಿಲು ಹಾರು ಹೊಡೆದಿತ್ತು, ಚೀಲ ಬೆಲ್ಟಿನಿಂದ ಜಾರಿ ಹೊರಗೆ ಬಿದ್ದಿತ್ತು, ನಿನ್ನ ಹೆಡ್‌ಫೋನು ತನ್ನ ವೈರಿಗೆ ಜೋತುಬಿದ್ದು ಅಲ್ಲಾಡುತ್ತಿತ್ತು. ಅವರ ಮುಖ್ಯಸ್ಥ, ಬಿಳಿ ಮೀಸೆಯ ಮನುಷ್ಯ, ಒಳಗೆ ಬಗ್ಗಿ ನೋಡಿ ನನ್ನ ಕಡೆ ತಿರುಗಿದ. "ಬಾಯಿ, ದುಸರಾ ಮಾಣೂಸ್ ಕುಠೇ ಆಹೇ?" ಇನ್ನೊಬ್ಬ ಮನುಷ್ಯ ಎಲ್ಲಿ? ನನ್ನ ಕಿವಿ ಗುಂಯ್ ಅನ್ನುತ್ತಿತ್ತು, ಹಣೆಯ ರಕ್ತ ಕಣ್ಣಿಗೆ ಇಳಿದಿತ್ತು. ನಾವ್ ಕಾಯ್, ಹೆಸರೇನು ಅಂತ ಕೇಳಿದ. ನಾನು ನಿನ್ನ ಹೆಸರು ಹೇಳಿದೆ. "ಗುರುರಾಜ."

ಅವರು ಹುಡುಕಲು ಹೋದರು ಅಣ್ಣಾ. ಇಬ್ಬರು ರೆಕ್ಕೆಯ ಕೆಳಗೆ ಮಲಗಿ ನೋಡಿದರು. ಒಬ್ಬ ಚಕ್ರ ಎಳೆದ ಗುರುತು ಹಿಡಿದು ಹಿಂದಕ್ಕೆ ಓಡಿದ. ಉಳಿದವರು ಸೊಂಟದೆತ್ತರದ ಹುಲ್ಲಿನಲ್ಲಿ ಕೈಯಿಂದ ದಾರಿ ಮಾಡಿಕೊಳ್ಳುತ್ತಾ, "ಗುರುರಾಜ ಸಾಹೇಬ! ಓ ಗುರುರಾಜ ಸಾಹೇಬ!" ಅಂತ ಕೂಗುತ್ತಾ ಹೋದರು. ನಿನ್ನ ಮುಖ ನೋಡದವರು. ನಿನಗೆ ಏಟಾಗಿದೆ, ಎಲ್ಲೋ ಬಿದ್ದು ನರಳುತ್ತಿದ್ದಿ ಅಂತ ನಂಬಿ ಕೂಗುತ್ತಿದ್ದರು. ಇಲ್ಲ ರೀ, ಅವನು ಇಲ್ಲ, ನಾನೊಬ್ಬಳೇ ಬಂದಿದ್ದು ಅಂತ ಹೇಳಬೇಕು. ಬಾಯಿ ತೆರೆದರೆ ಅಳು ಬರುತ್ತಿತ್ತೇ ಹೊರತು ಮಾತು ಬರುತ್ತಿರಲಿಲ್ಲ. ಇಷ್ಟು ದಿನ ನಾನು ಮೇಲಿನಿಂದ ಕೂಗಿದ್ದೂ ಅದೇ ಹೆಸರು. ನನ್ನ ಪರವಾಗಿ ಊರವರೆಲ್ಲ ಸೇರಿ ಕೂಗಿದ ಹಾಗೆ ಕೇಳಿಸಿತು ನನಗೆ.

ಕಡೆಗೆ ಹೇಳಿದೆ. ಬಿಳಿ ಮೀಸೆಯವರು ನನ್ನ ಮುಂದೆ ಕುಕ್ಕರಗಾಲಿನಲ್ಲಿ ಕೂತರು. ಬೈಯುತ್ತಾರೆ ಅಂದುಕೊಂಡೆ. "ಬೆಂಕಿ ಹತ್ತಿದ್ದರೆ ನನ್ನ ಹುಡುಗರು ಅವರ ಸಲುವಾಗಿ ಒಳಗೆ ನುಗ್ಗುತ್ತಿದ್ದರು ಬಾಯಿ. ಇಲ್ಲದ ಮನುಷ್ಯನ ಸಲುವಾಗಿ" ಅಂದರು, ಮರಾಠಿಯಲ್ಲಿ, ಮೆಲ್ಲಗೆ. ಅದಕ್ಕಿಂತ ಬೈದಿದ್ದರೆ ವಾಸಿ ಇತ್ತು. ಹುಲ್ಲಿನಲ್ಲಿ ಸಿಕ್ಕ ಹೋಳಿಗೆ ಡಬ್ಬಿ ತಂದು ನನ್ನ ಮಡಿಲಲ್ಲಿಟ್ಟರು. ನಾನು ಅವರಿಗೇ ಕೊಟ್ಟುಬಿಟ್ಟೆ. ನಿನ್ನ ಹುಟ್ಟುಹಬ್ಬದ ಹೋಳಿಗೆ ತಿಂದವರು ನಿನ್ನನ್ನು ಹುಡುಕಿದವರು, ಅದು ಸರಿಯಾಗೇ ಹೋಯಿತು ಅನ್ನು.

ಆಮೇಲೆ ಏನಾಗಬೇಕೋ ಆಯಿತು. ತಪ್ಪು ಒಪ್ಪಿ ಬರೆದುಕೊಟ್ಟೆ, ಎಲ್ಲರ ಮುಂದೆ ಬೈಸಿಕೊಂಡೆ, ನನಗಿಂತ ಅರ್ಧ ವಯಸ್ಸಿನ ಇನ್‌ಸ್ಟ್ರಕ್ಟರ್ ಪಕ್ಕ ಕೂತು ಮತ್ತೆ ಪರೀಕ್ಷೆ ಕೊಟ್ಟೆ. ಮಹಿಬೂಬ ವಿಮಾನವನ್ನು ಮೊದಲಿನ ಹಾಗೆ ಮಾಡಿದ್ದಾನೆ, ಎರಡೂ ಮ್ಯಾಗ್ನೆಟೊ ಹೊಸವು. ಆವತ್ತು ದವಾಖಾನೆಗೆ ರುಚಿತಾ ಬಂದಳು, ನೀನು ಬರಲಿಲ್ಲ. ಹತ್ತು ನಿಮಿಷದ ದಾರಿ. ನಾನೂ ನಿಮ್ಮ ಮನೆಗೆ ಬರಲಿಲ್ಲ, ಹಣೆಗೆ ಪಟ್ಟಿ ಕಟ್ಟಿಸಿಕೊಂಡು ಟ್ಯಾಕ್ಸಿ ಹಿಡಿದು ಸೀದಾ ನಾಸಿಕಕ್ಕೆ ಬಂದೆ. ಸಿಟ್ಟು ಅನ್ನುವುದು ನಿನ್ನೊಬ್ಬನ ಆಸ್ತಿಯೇನು? ಇನ್ನು ಸಾಕು, ಇವನ ತಲೆಯ ಮೇಲೆ ಹಾರುವುದೂ ಸಾಕು, ಲೈಸೆನ್ಸು ಮುಗಿದಾಗ ಮತ್ತೆ ಮಾಡಿಸುವುದು ಬೇಡ ಅಂತ ದಾರಿಯಲ್ಲೇ ನಿಶ್ಚಯ ಮಾಡಿದ್ದೆ.

ಹೋದ ವಾರ ನಿನ್ನ ಮಗಳು ಬಾಯಿ ಬಿಟ್ಟಳು. ನೀನು ಹೇಳಬೇಡ ಅಂದಿದ್ದಿಯಂತೆ. ಅವಳನ್ನು ಬೈಯಬೇಡ, ಎಳ್ಳು-ಬೆಲ್ಲ ಯಾವಾಗ ಕಳಿಸಲಿ ಅಂತ ಕೇಳುತ್ತಿದ್ದಾಗ ಮಾತಿಗೆ ಮಾತು ಬಂದು ಜಾರಿಬಿಟ್ಟಿತು. ಆವತ್ತು ನನ್ನ ವಿಮಾನದ ಸದ್ದು ಕೇಳಿ ನೀನು ರೂಢಿಯ ಹಾಗೆ ರಿಮೋಟಿಗೆ ಕೈ ಹಾಕಿದಿ. ಆವಾಜ್ ಏರಿಸಲಿಲ್ಲ, ಬಂದ್ ಮಾಡಿದಿ. "ಒಂದ ಕಾಲ ಮ್ಯಾಲೆ ಓಡ್ಲಿಕ್ಹತ್ತೇದ" ಅಂದಿ. ಅವಳಿಗೆ ಅರ್ಥ ಆಗಲಿಲ್ಲ, ನನಗೆ ಆಯಿತು: ಒಂದೇ ಮ್ಯಾಗ್ನೆಟೊದ ಸದ್ದು ನಿನ್ನ ಕಿವಿ ಹಿಡಿದಿತ್ತು. ಗೋಡೆ ಹಿಡಿದು, ಎಡಗಾಲಿನ ಚಪ್ಪಲಿ ಮೆಟ್ಟಿಲ ಮೇಲೆ ಬಿಟ್ಟು, ಗಚ್ಚಿಗೆ ಹೋದಿ. ಒಣಹಾಕಿದ ಚಾದರ ಮುಖಕ್ಕೆ ಬಡಿದರೆ ಕಿತ್ತು ಎಸೆದಿ. ಹಿಂದೆ ಓಡಿಬಂದ ರುಚಿತಾಳ ಮೊಳಕೈ ಹಿಡಿದು, "ಎಲ್ಲಿ ಅದ ಹೇಳು. ಇಳೀತೇನು? ಇಳೀತೇನು ಹೇಳಲೇ?" ಅಂತ ಕೇಳಿದ್ದೇ ಕೇಳಿದ್ದು. ಮನೆಗಳ ಸಾಲು ಅಡ್ಡ ಬಂದು ಅವಳಿಗೂ ಏನೂ ಕಾಣಲಿಲ್ಲ. ಅವಳ ಫೋನಿಗೆ ಸುದ್ದಿ ಬರುವ ತನಕ ಬಿಸಿಲಲ್ಲಿ ಅಲ್ಲೇ ನಿಂತಿದ್ದಿ. ಆಮೇಲೆ ಕೆಳಗಿಳಿದು, "ಆಕಿಗೆ ಹೇಳಬ್ಯಾಡ" ಅಂದು, ಇಲ್ಲದ ಸ್ನಾನಕ್ಕೆ ಹೋದಿ.

ಎಷ್ಟು ಕಳ್ಳನೋ ನೀನು! ಅಲ್ಲಿ ಅವರು ಹುಲ್ಲಿನಲ್ಲಿ ನಿನ್ನ ಹೆಸರು ಹಿಡಿದು ಕೂಗುತ್ತಿದ್ದಾಗ ಇಲ್ಲಿ ನೀನು ಗಚ್ಚಿಯ ಮೇಲೆ ನನ್ನನ್ನು ಹುಡುಕುತ್ತಿದ್ದಿ. ಇದನ್ನು ಕೇಳಿ ನಾನು ಅಡುಗೆಮನೆಯ ನೆಲದ ಮೇಲೆ ಕೂತು ಮನಸಾರೆ ಅತ್ತೆ. ಹಾಲು ಉಕ್ಕಿಹೋಯಿತು, ಹೋಗಲಿ. ಲೈಸೆನ್ಸು ಬಿಡುವ ವಿಚಾರವೂ ಅದರ ಜೊತೆಗೇ ಹೋಯಿತು.

ಈಗ ಕೇಳು. ಸಂಕ್ರಾಂತಿ ಮುಗಿದ ಮರು ರವಿವಾರ ಬೆಳಿಗ್ಗೆ ನಾನು ಚಿಕಲಠಾಣಾಕ್ಕೆ ಬಂದು ಇಳಿಯುತ್ತೇನೆ. ಅಲ್ಲಿಯ ತನಕ ಒಬ್ಬಳೇ, ಟವರಿಗೂ ಒಬ್ಬಳೇ ಅಂತಲೇ ಹೇಳುತ್ತೇನೆ. ನೀನು ಆಧಾರ್ ಕಾರ್ಡು ಹಿಡಿದು ಗೇಟಿಗೆ ಬಾ, ರುಚಿತಾ ಬಿಡುತ್ತಾಳೆ. ಸಾಮಾನಿನ ಹಾಗೆ ಕೂಡುವುದು ಬೇಡ, ನಿನಗೆ ಕೆಲಸ ಇದೆ. ಪಟ್ಟಿಯ ಪ್ರಶ್ನೆ ನೀನೇ ಕೇಳಬೇಕು, ಅದು ನಿನಗೆ ಬಾಯಿಪಾಠ, ಕಣ್ಣು ಬೇಕಾಗಿಲ್ಲ. ಇಂಜಿನ್ನಿನ ಸದ್ದು ಕೇಳಬೇಕು, ನನ್ನ ಕಿವಿಗಿಂತ ನಿನ್ನ ಕಿವಿ ಚುರುಕು ಅಂತ ಸಿದ್ಧ ಆಗಿದೆ. ಮತ್ತೆ ಹೊರಗೆ ನೋಡಬೇಕು. ನೀನು ಕೂಡುವುದು ಬಲಗಡೆ, ನಿನ್ನ ಉಳಿದ ಕಣ್ಣೂ ಬಲಗಡೆಯದೇ. ನಾಸಿಕದ ಕಡೆ ಹೊರಟರೆ ದೇವಗಿರಿ ಕೋಟೆ ನಿನ್ನ ಕಿಟಕಿಗೇ ಬರುತ್ತದೆ, ಆಮೇಲೆ ಅಂಕಾಯಿ-ಟಂಕಾಯಿ ಗುಡ್ಡ. ಗೋದಾವರಿ ಎಡಗಡೆ ಬರುತ್ತಾಳೆ, ನಿನಗೆ ಕಾಣುವುದಿಲ್ಲ, ನನಗೆ ಗೊತ್ತು. ಚಿಂತೆ ಮಾಡಬೇಡ. ನಾಂದೂರ ಮಧ್ಮೇಶ್ವರದ ನೀರಿನ ಮೇಲೆ ಒಂದು ಸುತ್ತು ಹೊಡೆದು ಅವಳನ್ನು ನಿನ್ನ ಬಲಕ್ಕೆ ತಂದು ನಿಲ್ಲಿಸುತ್ತೇನೆ. ನೋಡಿ ಸಾಕು ಅನ್ನುವ ತನಕ ಸುತ್ತುತ್ತೇನೆ. ನಿನ್ನ ಕಡೆ ನೀ ನೋಡು, ನನ್ನ ಕಡೆ ನಾ ನೋಡ್ತೀನಿ.

ಬರದಿದ್ದರೆ ಸಿಟ್ಟು ಮಾಡುವುದಿಲ್ಲ ಅಂತ ಸುಳ್ಳು ಹೇಳಲಾರೆ, ಮಾಡೇ ಮಾಡುತ್ತೇನೆ. ಗೇಟಿನಲ್ಲಿ ನಿಂತು ದಾರಿ ಕಾಯುತ್ತೇನೆ. ನೀನು ಬರುವ ತನಕ ಇಂಜಿನ್ ಚಾಲು ಮಾಡುವುದಿಲ್ಲ. ಹೊರಡುವಾಗ ಟವರಿನವರು ಎಷ್ಟು ಮಂದಿ ಅಂತ ಕೇಳುತ್ತಾರೆ. ಆ ಬಿಳಿ ಮೀಸೆಯವರಿಗೂ ನಾನು ಮಾತು ಕೊಟ್ಟಿದ್ದೇನೆ, ಇದ್ದಷ್ಟು ಜನರನ್ನೇ ಹೇಳುತ್ತೇನೆ ಅಂತ. ನನಗೆ ಇನ್ನೊಂದು ಸಲ ಇಬ್ಬರು ಅನ್ನಬೇಕಾಗಿದೆ ಅಣ್ಣಾ, ಈ ಸಲ ಖರೆ ಆಗುವ ಹಾಗೆ.

ಸಣ್ಣವಳು, ನಿನಗೆ ಆಶೀರ್ವಾದ ಮಾಡುವ ಹಕ್ಕು ನನಗಿಲ್ಲ. ಆದರೂ ಅವ್ವ ಬಾಗಿಲಲ್ಲಿ ನಿಂತು ಇಬ್ಬರಿಗೂ ಹೇಳುತ್ತಿದ್ದದ್ದನ್ನೇ ಬರೆಯುತ್ತೇನೆ: ಹುಷಾರಾಗಿ ಬಾ, ದೇವರು ಕಣ್ಣಿಟ್ಟು ಕಾಯಲಿ. ಸ್ವೆಟರ್ ಮರೆಯಬೇಡ, ಮೇಲೆ ಥಂಡಿ ಇರುತ್ತದೆ.

ನಿನ್ನ ಎಡಗಡೆ ಕೂಡುವವಳು,
ಊರ್ಮಿ